ಮೂರು ಗಂಟೆ, 600 ತುಂಡು: ತಪಸ್ಸುಕಾಲದ ಫಿಶ್ ಫ್ರೈ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ನಮ್ಮ ಧರ್ಮಕೇಂದ್ರದ (ಚರ್ಚಿನ) ಹಾಲ್‌ನಲ್ಲಿ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ವ್ರತಕಾಲದ, ಶುಕ್ರವಾರ ಸಂಜೆ 4ರಿಂದ 7ರವರೆಗೆ ಸುಮಾರು 300 ತಟ್ಟೆ ಮೀನು ಹೋಗುತ್ತದೆ. ನನ್ನ ಕೆಲಸ ಫ್ರೈಯರ್ ಮುಂದೆ.

ಕ್ಯಾಥೋಲಿಕರಿಗೆ 14 ವರ್ಷ ತುಂಬಿದ ಮೇಲೆ ವಿಭೂತಿ ಬುಧವಾರ (ತಪಸ್ಸುಕಾಲದ ಮೊದಲ ದಿನ) ಮತ್ತು ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. 1966ರಲ್ಲಿ ಅಮೆರಿಕದ ಬಿಷಪ್‌ಗಳು ವರ್ಷದ ಉಳಿದ ಶುಕ್ರವಾರಗಳ ಕಡ್ಡಾಯ ತೆಗೆದರು. ಆದರೂ ವಿಸ್ಕಾನ್ಸಿನ್‌ನಲ್ಲಿ ಶುಕ್ರವಾರದ ಮೀನು ವರ್ಷವಿಡೀ ನಡೆಯುತ್ತದೆ, ಬಾರುಗಳಲ್ಲೂ.

ಲೆಕ್ಕ ಹೀಗೆ. ತಟ್ಟೆಗೆ ಎರಡು ತುಂಡು ಕಾಡ್ ಎಂಬ ಕಡಲ ಮೀನು, ಒಂದೊಂದು ಸುಮಾರು 113 ಗ್ರಾಂ. 300 ತಟ್ಟೆಗೆ 10 ಪೌಂಡಿನ (ಸುಮಾರು ನಾಲ್ಕೂವರೆ ಕೆಜಿ) 15 ಪೆಟ್ಟಿಗೆ ಬೇಕು. ಬುಧವಾರ ರಾತ್ರಿಯೇ ಫ್ರೀಜರ್‌ನಿಂದ ತೆಗೆದು 4 ಡಿಗ್ರಿಗಿಂತ ತಣ್ಣಗಿರುವ ಕೂಲರ್‌ಗೆ ಇಡುತ್ತೇವೆ. ಗಾಳಿ ತೆಗೆದು ಮುಚ್ಚಿದ ಪ್ಯಾಕೆಟ್ ಆದರೆ ಕರಗಲು ಇಡುವ ಮೊದಲೇ ಬಾಯಿ ಕತ್ತರಿಸಬೇಕು. ಗಾಳಿಯಿಲ್ಲದ ಜಾಗದಲ್ಲೇ ಬೆಳೆದು ವಿಷ ಬಿಡುವ ಬ್ಯಾಕ್ಟೀರಿಯಾಗಳಿವೆ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಸೋಲುವುದು: ಒರೆಸುವುದು. ಕರಗಿದ ಕಾಡ್ ನೀರು ಬಿಡುತ್ತಲೇ ಇರುತ್ತದೆ. ಜಾಲರಿಯ ಮೇಲೆ ಅರ್ಧ ಗಂಟೆ ಸೋರಿಸಿ, ಪೇಪರ್ ಟವೆಲ್‌ನಲ್ಲಿ ಎರಡೂ ಬದಿ ಒತ್ತಿ, ಒಣ ಮೈದಾದಲ್ಲಿ ಹೊರಳಿಸಿ ಕೊಡವಬೇಕು. ಇದನ್ನು ಬಿಟ್ಟರೆ ಒಳಗಿನ ನೀರು ಆವಿಯಾಗಿ ಹಿಟ್ಟಿನ ಕವಚ ಕಾಲುಚೀಲದ ಹಾಗೆ ಜಾರಿ ಬರುತ್ತದೆ.

ಒಂದು ಪೆಟ್ಟಿಗೆಗೆ ಹಿಟ್ಟು: ಮೈದಾ 800 ಗ್ರಾಂ, ಕಾರ್ನ್‌ಫ್ಲೋರ್ 200, ಬೇಕಿಂಗ್ ಪೌಡರ್ 30, ಉಪ್ಪು 20, ಹಿಮದಷ್ಟು ತಣ್ಣನೆಯ ಬಿಯರ್ ಒಂದೂವರೆ ಲೀಟರ್‌ಗೆ ತುಸು ಕಡಿಮೆ. ಬಿಯರ್ ಬೇಡವೆಂದರೆ ಸೋಡಾ. ಬಜ್ಜಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗಿರಲಿ, ಗಂಟುಗಳಿದ್ದರೆ ಇರಲಿ. ಜಾಸ್ತಿ ಕಲಸಿದರೆ ರಬ್ಬರ್. ಪೆಟ್ಟಿಗೆಯೊಂದಕ್ಕೆ ಬೇಕಾದಷ್ಟನ್ನೇ ಕಲಸಿ, ಪಾತ್ರೆಯನ್ನು ಐಸ್ ಮೇಲಿಡಿ.

ಎಣ್ಣೆ 180 ಡಿಗ್ರಿ. ಖಾಲಿ ಬುಟ್ಟಿಯನ್ನು ಮೊದಲೇ ಎಣ್ಣೆಗೆ ಇಳಿಸಿರಬೇಕು. ತುಂಡಿನ ತುದಿ ಹಿಡಿದು, ಅರ್ಧ ಮುಳುಗಿಸಿ, ಮೂರು ಸೆಕೆಂಡು ಅತ್ತಿತ್ತ ತೂಗಿ ಆಮೇಲೆ ಬಿಡಿ. ಅಷ್ಟರಲ್ಲಿ ತಳ ಗಟ್ಟಿಯಾಗಿ ತುಂಡು ತೇಲುತ್ತದೆ. ನೇರ ಹಾಕಿದರೆ ಮುಳುಗಿ ಜಾಲರಿಗೆ ಅಂಟಿ, ಎತ್ತುವಾಗ ಕವಚ ಅಲ್ಲೇ ಉಳಿಯುತ್ತದೆ. 16 ಕೆಜಿ ಎಣ್ಣೆಗೆ ಒಮ್ಮೆಗೆ ಎಂಟೇ ತುಂಡು. ಕ್ಯೂ ಬಾಗಿಲು ದಾಟಿದಾಗ ಹನ್ನೆರಡು ಹಾಕೋಣ ಅನ್ನಿಸುತ್ತದೆ. ಹಾಕಿದರೆ ಶಾಖ ಇಳಿದು ಮೀನು ಎಣ್ಣೆ ಕುಡಿಯುತ್ತದೆ, ಬೇಯಲೂ ಹೆಚ್ಚು ಹೊತ್ತು. ಕ್ಯೂ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಬೇಯಲು ಐದು ನಿಮಿಷ, ಎಣ್ಣೆ ಮತ್ತೆ ಕಾಯಲು ಎರಡು. ಮೂರು ಫ್ರೈಯರ್ ಸೇರಿ ಗಂಟೆಗೆ 200 ತುಂಡು. ದಪ್ಪ ತುಂಡಿನ ನಡುವೆ ಥರ್ಮಾಮೀಟರ್ 63 ಡಿಗ್ರಿ ತೋರಿಸಬೇಕು. ತೆಗೆದದ್ದನ್ನು ಪೇಪರ್ ಮೇಲಲ್ಲ, ತಂತಿ ಜಾಲರಿಯ ಮೇಲಿಡಿ. ಪೇಪರ್ ಮೇಲೆ ತಳ ಬೆವರುತ್ತದೆ.

ಆಲೂಗೆಡ್ಡೆ ಪ್ಯಾನ್‌ಕೇಕ್, ರೈ ಬ್ರೆಡ್, ಕೋಸಿನ ಸಲಾಡ್ ಜೊತೆಗಿರುತ್ತವೆ. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ಕಡೆ ಪಿಯೆರೋಗಿ, ಹೂರಣ ತುಂಬಿದ ಕಡುಬಿನಂಥದ್ದು.

ಹೊಟ್ಟೆ ಬಿರಿಯ ತಿನ್ನುವುದು ಎಂಥ ತಪಸ್ಸು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಂಗಳೂರಿನ ಕಡೆಯವರಿಗಂತೂ ಮೀನೂಟ ತ್ಯಾಗವೆನಿಸುವುದೇ ಕಷ್ಟ. ಹಾಗಾಗಿ ನಾವು 'ಬೇಕಾದಷ್ಟು ತಿನ್ನಿ' ಬೋರ್ಡ್ ಹಾಕುವುದಿಲ್ಲ, ಸಿಹಿ ಮಾರುವುದಿಲ್ಲ. ಬರೀ ಸೂಪು, ಬ್ರೆಡ್ ಸಾಕೆನ್ನುವವರಿಗೂ ಒಂದು ಮೇಜಿದೆ. ಹಣ ಕಟ್ಟುವ ಮೇಜಿನ ಮೇಲೆ ರೈಸ್ ಬೌಲ್ ರಟ್ಟಿನ ಡಬ್ಬಿ. 1975ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಶುರುವಾದ ಪದ್ಧತಿ: ಊಟದಲ್ಲಿ ಉಳಿಸಿದ ಹಣ ಹಸಿದವರಿಗೆ. ಏಳಕ್ಕೆ ಬೆಂಕಿ ಆರಿಸಿದರೆ ಏಳೂವರೆಯ ಶಿಲುಬೆಹಾದಿ ಪ್ರಾರ್ಥನೆಗೆ ಅಡುಗೆಯವರೂ ಹೋಗಬಹುದು, ಮೈಯೆಲ್ಲ ಎಣ್ಣೆ ವಾಸನೆ ಹೊತ್ತುಕೊಂಡೇ.

ಎಣ್ಣೆಯನ್ನು ಪ್ರತಿ ವಾರ ಸೋಸಬೇಕು; ತಳದ ಹಿಟ್ಟಿನ ಚೂರು ಕರಕಲಾಗಿ ಕಹಿ ಕೊಡುತ್ತದೆ. ನೊರೆ ನಿಲ್ಲದಿದ್ದರೆ, 180ಕ್ಕೇ ಹೊಗೆಯಾಡಿದರೆ ಚೆಲ್ಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಖಂಡಿತ ಬೇಡ. ಅಡುಗೆ ಎಣ್ಣೆಗೆಂದೇ ಇರುವ ಕೆ ದರ್ಜೆಯ ಬೆಂಕಿ ನಂದಕ ಕೈಗೆಟಕುವಲ್ಲಿರಲಿ.

ಶುಭ ಶುಕ್ರವಾರ ಉಪವಾಸದ ದಿನ, ನಾವು ಫ್ರೈಯರ್ ಹಚ್ಚುವುದಿಲ್ಲ. ಹಿಂದಿನ ವಾರವೇ ಎಣ್ಣೆ ಖಾಲಿ ಮಾಡಿ, ತೊಟ್ಟಿಯಲ್ಲಿ ಸೋಪಿನ ನೀರು ಕುದಿಸಿ, ಉಜ್ಜಿ, ಡ್ರೇನ್ ಕೊಳವೆಯನ್ನೂ ಒಣಗಿಸಿ ಮುಚ್ಚಿಡುತ್ತೇವೆ.