ಅಂಗಳದಲ್ಲಿ ಎಲ್ಲರಿಗೂ ಒಂದೇ ಸುಕ್ಕಾ: ಕಟ್ಟುವುದು ಹೇಗೆ?

ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಉಪವಾಸ ಮುಗಿದ ರಾತ್ರಿಯೇ ಜೆರುಸಲೇಮಿನ ಬೀದಿಗಳಲ್ಲಿ ಸುತ್ತಿಗೆ ಸದ್ದು ಶುರುವಾಗುತ್ತದೆ. ನಾಲ್ಕೇ ದಿನಕ್ಕೆ ಯಹೂದಿಗಳ ಸುಗ್ಗಿ ಹಬ್ಬ ಸುಕ್ಕೋತ್. ಈಜಿಪ್ಟಿನಿಂದ ಹೊರಟ ಹಿರಿಯರು ಮರುಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದ್ದರ ನೆನಪಿಗೆ ಏಳು ದಿನ ಚಪ್ಪರದಲ್ಲೇ ಊಟ. ಆ ಚಪ್ಪರವೇ ಸುಕ್ಕಾ. ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಅಂಗಳದಲ್ಲಿ ಒಂದನ್ನು ಕಟ್ಟಿದರೆ ಹಬ್ಬ ಇನ್ನೂ ಚೆನ್ನ.

ಮೊದಲು ಜಾಗ ನೋಡಿ. ಮೇಲೆ ಬರೀ ಆಕಾಶ ಇರಬೇಕು. ಮರದ ಕೆಳಗೆ, ಬಾಲ್ಕನಿಯ ಕೆಳಗೆ ಕಟ್ಟುವಂತಿಲ್ಲ. ಗೋಡೆಗೆ ಹಲಗೆಯೋ ಬಟ್ಟೆಯೋ ಸಾಕು, ಆದರೆ ಬಟ್ಟೆ ಗಾಳಿಗೆ ಪಟಪಟ ಹಾರದಂತೆ ಬಿಗಿಯಾಗಿ ಕಟ್ಟಿ. ಬಾಗಿಲನ್ನು ಗಾಲಿಕುರ್ಚಿ ಹಿಡಿಸುವಷ್ಟು ಅಗಲ ಬಿಡಿ.

ಗೋಡೆ ನಿಂತ ಮೇಲೆಯೇ ಚಾವಣಿ. ಸುಕ್ಕಾದ ಜೀವ ಇರುವುದು ಅಲ್ಲೇ. ಖರ್ಜೂರದ ಗರಿ, ಬಿದಿರು, ಕೊಂಬೆ ಹೀಗೆ ನೆಲದಲ್ಲಿ ಬೆಳೆದು ಕಡಿದು ತಂದದ್ದನ್ನೇ ಹೊದಿಸಬೇಕು. ಬೇರು ಬಿಟ್ಟು ನಿಂತ ಬಳ್ಳಿಯನ್ನು ಹಾಗೇ ಹಬ್ಬಿಸಿದರೆ ಆಗದು. ತಗಡು, ಪ್ಲಾಸ್ಟಿಕ್ಕೂ ಬೇಡ. ಹಗಲು ಬಿಸಿಲಿಗಿಂತ ನೆರಳು ಜಾಸ್ತಿ ಬೀಳಬೇಕು, ರಾತ್ರಿ ಸಂದಿನಿಂದ ನಕ್ಷತ್ರ ಕಂಡರೆ ಒಳ್ಳೆಯದು. ಯಾರೂ ಇಲ್ಲದಾಗ ಮಳೆಗೆ ಟಾರ್ಪಾಲು ಮುಚ್ಚಬಹುದು, ಊಟಕ್ಕೆ ಕೂರುವ ಮೊದಲು ತೆಗೆದುಬಿಡಿ. ತಟ್ಟೆಯ ಊಟ ಹಾಳಾಗುವಷ್ಟು ಮಳೆ ಬಂದರೆ ಮನೆಯೊಳಗೆ ಹೋಗಲು ಅನುಮತಿ ಇದೆ.

ಇನ್ನು ಹಬ್ಬದ ಆಚರಣೆಗೆ ಕೈಯಲ್ಲಿ ಹಿಡಿಯುವ ನಾಲ್ಕು ಬೆಳೆ. ಬಿಚ್ಚದ ಖರ್ಜೂರದ ಸುಳಿ ಒಂದು, ಮರ್ಟಲ್ ಕಡ್ಡಿ ಮೂರು, ವಿಲ್ಲೋ ಕಡ್ಡಿ ಎರಡು ಸೇರಿಸಿ ಕಟ್ಟಿ ಬಲಗೈಯಲ್ಲಿ, ಎತ್ರೋಗ್ ಎಂಬ ಮಾದಲ ಹಣ್ಣು ಎಡಗೈಯಲ್ಲಿ. ಎರಡನ್ನೂ ಜೋಡಿಸಿ ನಾಲ್ಕು ದಿಕ್ಕಿಗೆ, ಮೇಲೆ, ಕೆಳಗೆ ಅಲ್ಲಾಡಿಸುತ್ತಾರೆ. ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಮಾತ್ರ ಇಲ್ಲ. ಒಳ್ಳೆಯ ಎತ್ರೋಗ್ ದುಬಾರಿ. ಮೊದಲ ದಿನ ಅದು ಅವರವರ ಸ್ವಂತದ್ದೇ ಆಗಿರಬೇಕು. ಅದಕ್ಕೇ 'ಮರಳಿ ಕೊಡಬೇಕು' ಎಂಬ ಷರತ್ತಿನ ಮೇಲೆ ಪಕ್ಕದವರಿಗೆ ಉಡುಗೊರೆ ಕೊಡುತ್ತಾರೆ. ಒಂದೇ ಹಣ್ಣು ಇಡೀ ಅಂಗಳಕ್ಕೆ ಸಾಕಾಗುವ ಈ ಏರ್ಪಾಡು ನನಗೆ ತುಂಬಾ ಇಷ್ಟ.

ಕರೆಯುವುದರಲ್ಲಿ ಜಿಪುಣತನ ಬೇಡ. ಪರದೇಶಿ, ಅನಾಥ, ವಿಧವೆ ಎಲ್ಲರ ಜೊತೆ ಸಂತೋಷಪಡಿ ಎಂದೇ ಯಹೂದಿಗಳ ಧರ್ಮಗ್ರಂಥ ತೋರಾ ಹೇಳುತ್ತದೆ. ಬಡವರಿಗೆ ಉಣಿಸದೆ ಬಾಗಿಲು ಹಾಕಿಕೊಂಡು ಉಣ್ಣುವವನದು ಬರೀ ಹೊಟ್ಟೆಯ ಸಂತೋಷ ಎಂದು 12ನೇ ಶತಮಾನದ ಯಹೂದಿ ಧರ್ಮಪಂಡಿತ ಮೈಮೋನಿಡೀಸ್ ಖಾರವಾಗಿಯೇ ಬರೆದಿದ್ದಾರೆ. ಮಂಗಳೂರು ಕಡೆಯಿಂದ ಹೋಗಿ ಅಲ್ಲಿ ಹಿರಿಯರ ಆರೈಕೆ ಮಾಡುವ ನಮ್ಮವರಿಗೂ ಕರೆ ಬಂದೀತು. ಮನೆಯಲ್ಲಿ ಬೇಯಿಸಿದ್ದನ್ನು ಒಯ್ಯಬೇಡಿ, ಕೋಶರ್ ಎಂಬ ಯಹೂದಿ ಆಹಾರ ನಿಯಮ ಕಟ್ಟುನಿಟ್ಟು. ಹಣ್ಣು ಒಯ್ಯುವ ಮುಂಚೆಯೂ ಒಮ್ಮೆ ಕೇಳಿಕೊಳ್ಳಿ. ಕಾಯಿಲೆಯವರಿಗೆ ಸುಕ್ಕಾದಲ್ಲಿ ಕೂರಲೇಬೇಕೆಂಬ ಕಟ್ಟಳೆ ಇಲ್ಲ. ಅಜ್ಜಿಗೆ ಕೆಳಗಿಳಿಯಲು ಆಗದಿದ್ದರೆ ಬಲವಂತ ಮಾಡದೆ ಊಟವನ್ನು ಮೇಲಕ್ಕೇ ಕಳಿಸಿ.