ಮಂಗೋಲಿಯದ ಪಶುಪಾಲಕ ಮನೆಯ ಜಮಾ-ಖರ್ಚು ಬರೆಯುವ ಬಗೆ

ಒಂದೇ ಸಲ ಹೋಗಿ, ಗೆರ್ ಡೇರೆಯೊಳಗೆ ಕೂತು, "ವರ್ಷಕ್ಕೆ ಆದಾಯ ಎಷ್ಟು?" ಎಂದು ಕೇಳಿ ಬರೆದುಕೊಂಡ ಸಮೀಕ್ಷೆ ಹೆಚ್ಚು ದೂರ ಬರುವುದಿಲ್ಲ. ಆ ಮನೆಗೆ ದೊಡ್ಡ ಮೊತ್ತದ ದುಡ್ಡು ಬರುವುದು ವಸಂತದಲ್ಲಿ, ಮೇಕೆಯ ಒಳತುಪ್ಪಳವಾದ ಕ್ಯಾಶ್ಮಿಯರ್ ಬಾಚಿ ಮಾರಿದಾಗ. ಹಾಲು, ಮಾಂಸ, ಉರುವಲು, ಮುಯ್ಯಾಳು ಕೆಲಸ ಇವುಗಳಲ್ಲಿ ಬಹುಪಾಲು ದುಡ್ಡಿನ ಮುಖ ನೋಡದೆ ಮನೆಯಿಂದ ಮನೆಗೆ ಸಾಗುತ್ತವೆ. ಅಧ್ಯಯನ ಮಾಡಬೇಕಾದದ್ದು ಈ ಸಾಗಾಟವನ್ನೇ.

ಬೆಂಗಳೂರಿನಿಂದ ಹೊರಡುವವರು ಮೊದಲು ದೊಡ್ಡಬಳ್ಳಾಪುರ ಅಥವಾ ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಹದಿನೈದು ದಿನ ಕೈ ಪಳಗಿಸಿಕೊಳ್ಳಿ. ನಾಲ್ಕು ಹಸು, ಹತ್ತು ಕುರಿ ಇರುವ ಮನೆ ಸಾಕು. ಡೈರಿಗೆ ಎಷ್ಟು ಹಾಲು ಹಾಕಿದರು ಎಂಬುದು ಡೈರಿ ಪುಸ್ತಕದಲ್ಲಿ ಇರುತ್ತದೆ. ಮನೆಯ ಕಾಫಿಗೆ ಉಳಿದದ್ದು, ಮಗಳ ಮನೆಗೆ ಹೋದ ತುಪ್ಪ, ಹೊಲಕ್ಕೆ ಹೋದ ಗೊಬ್ಬರ, ವಾರಕ್ಕೆ, ಅಂದರೆ ಪಾಲಿನ ಮೇಲೆ ಸಾಕಲು, ಕೊಟ್ಟ ಕುರಿ ಅದರಲ್ಲಿ ಇರುವುದಿಲ್ಲ. ನಿಮ್ಮ ಟಿಪ್ಪಣಿಯನ್ನೂ ಆ ಪುಸ್ತಕವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಏನೇನು ತಪ್ಪಿಹೋಗುತ್ತದೆ ಎಂದು ಅರಿವಾಗುತ್ತದೆ.

ಅಲ್ಲಿಗೆ ಹೋದ ಮೇಲೆ ಮೊದಲ ಕೆಲಸ, "ಮನೆ" ಎಂದರೆ ಯಾವುದು ಎಂದು ಗೊತ್ತುಮಾಡಿಕೊಳ್ಳುವುದು. ಎರಡು-ಮೂರು ಗೆರ್‌ಗಳು ಒಂದೆಡೆ ಬೀಡುಬಿಟ್ಟು ಒಟ್ಟಿಗೆ ಮೇಯಿಸುವ ಕೂಟಕ್ಕೆ ಖೊತ್ ಐಲ್ ಎನ್ನುತ್ತಾರೆ. ಮಂದೆ ಒಂದೇ ಆದರೂ ಪ್ರಾಣಿಗಳ ಒಡೆಯರು ಬೇರೆ ಬೇರೆ, ಅಡುಗೆ ಒಲೆಯೂ ಬೇರೆ. ಬೇಸಿಗೆಯಲ್ಲಿ ಜೊತೆಗಿದ್ದವರು ಚಳಿಗಾಲಕ್ಕೆ ಬೇರೆಯಾಗಬಹುದು. ಮಕ್ಕಳ ಶಾಲೆಗಾಗಿ ತಾಯಿ ಸುಮ್ ಕೇಂದ್ರದಲ್ಲಿ, ಅಂದರೆ ನಮ್ಮ ತಾಲ್ಲೂಕು ಕೇಂದ್ರದಂಥ ಊರಲ್ಲಿ, ಉಳಿದುಬಿಡಬಹುದು. ಹಾಗಾಗಿ ಪ್ರತಿ ಭೇಟಿಯಲ್ಲೂ ಮೂರು ಪಟ್ಟಿ ಹೊಸದಾಗಿ ಬರೆಯಿರಿ: ಒಂದೇ ಒಲೆಯಲ್ಲಿ ಉಣ್ಣುವವರು, ಒಟ್ಟಿಗೆ ಮೇಯಿಸುವವರು, ಪ್ರಾಣಿಯ ಒಡೆಯರು.

ಆಮೇಲೆ ಮಂದೆ. ಕುದುರೆ, ಒಂಟೆ, ದನ, ಕುರಿ, ಮೇಕೆ ಈ ಐದನ್ನೂ ತಲೆ ಎಣಿಸಿ ಕೂಡಿಸಬೇಡಿ, ಕುರಿ ಲೆಕ್ಕಕ್ಕೆ ತನ್ನಿ. ಅಲ್ಲಿ ಬಳಕೆಯಲ್ಲಿರುವ ಅಳತೆಯಲ್ಲಿ ಒಂಟೆಗೆ 5 ಕುರಿ, ಕುದುರೆಗೆ 7, ದನ ಅಥವಾ ಯಾಕ್‌ಗೆ 6, ಮೇಕೆಗೆ 0.9. 120 ಕುರಿ, 150 ಮೇಕೆ, 12 ದನ, 10 ಕುದುರೆ ಇರುವ ಮನೆಯದು 120 + 135 + 72 + 70, ಒಟ್ಟು 397. ಸರ್ಕಾರಿ ಎಣಿಕೆ ನಡೆಯುವುದು ಡಿಸೆಂಬರಿನಲ್ಲಿ. ನಿಮ್ಮ ಲೆಕ್ಕದ ವರ್ಷವೂ ಅಲ್ಲಿಂದಲೇ ಶುರುವಾದರೆ ತಾಳೆ ನೋಡುವುದು ಸುಲಭ.

ಪ್ರತಿ ಜಾತಿಗೂ ತಾಳೆಪಟ್ಟಿ ಹಾಕಲೇಬೇಕು. ಡಿಸೆಂಬರಿನಲ್ಲಿ 120 ಕುರಿ, ಹುಟ್ಟಿದ್ದು 50, ಬಂದದ್ದು 6 ಎಂದಿಟ್ಟುಕೊಳ್ಳಿ: ಜಮೆ 176. ಮಾರಿದ್ದು 20, ಕೊಯ್ದದ್ದು 12, ಕೊಟ್ಟದ್ದು 3, ಸತ್ತದ್ದು 8: ಖರ್ಚು 43. ಉಳಿಯಬೇಕಾದದ್ದು 133, ಮನೆಯವರು ಹೇಳುವುದು 118. ಈ 15 ಕುರಿಯನ್ನು ಮರೆವೆಂದು ಒರೆಸಿಹಾಕಬೇಡಿ. ಬೇರೆಯವರ ಮಂದೆಯಲ್ಲಿ ಸಾಕಲು ಬಿಟ್ಟವೋ, ಪಟ್ಟಣದ ನೆಂಟರವು ಮೊದಲೇ ಸೇರಿಕೊಂಡಿದ್ದವೋ ಎಂದು ಹುಡುಕಿದರೆ ಆ ಮನೆಯ ನಂಟಿನ ಜಾಲವೇ ಸಿಗುತ್ತದೆ. ಕ್ಯಾಶ್ಮಿಯರ್ ಇನ್ನೊಂದು ಒರೆಗಲ್ಲು. ಮೇಕೆಯೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಸಿಗುತ್ತದೆ. 150 ಮೇಕೆಯ ಮನೆ 60 ಕಿಲೋ ಮಾರಿದ್ದರೆ ಅದರಲ್ಲಿ ಬೇರೆಯವರ ಮೇಕೆಯದೂ ಸೇರಿರುವ ಸಾಧ್ಯತೆ ಹೆಚ್ಚು.

ಹಾಲು ಮತ್ತು ಉರುವಲನ್ನು ಕೇಳಿ ಬರೆಯುವಂತಿಲ್ಲ, ಅಳೆಯಬೇಕು. ಬೇಸಿಗೆಯಲ್ಲಿ ಮರಿಗಳನ್ನು ಹಗ್ಗದ ಸಾಲಿಗೆ ಕಟ್ಟಿ, ಹೆಣ್ಣು ಕುದುರೆಯ ಹಾಲನ್ನು ಎರಡು ಗಂಟೆಗೊಮ್ಮೆಯಂತೆ ದಿನಕ್ಕೆ ಐದಾರು ಸಲ ಕರೆಯುತ್ತಾರೆ. ಪ್ರತಿ ಸಲವೂ ಸಿಗುವುದು ಸ್ವಲ್ಪವೇ. ಬೆಳಗಿನದನ್ನು ಮಾತ್ರ ಅಳೆದು ಬಂದವರ ಲೆಕ್ಕ ಅಲ್ಲೇ ಕೆಟ್ಟಿತು. ಇಡೀ ದಿನದ ಬಕೆಟ್‌ಗಳನ್ನೆಲ್ಲ ತೂಗಿ, ಅದರಲ್ಲಿ ಹುಳಿ ಬರಿಸಿ ಐರಗ್ ಮಾಡಲು ಹೋದದ್ದೆಷ್ಟು ಎಂದು ಬರೆಯಿರಿ. ಹಸುವಿನ ಹಾಲಿನದು ಬೇರೆ ಪುಟ: ಕರುವಿಗೆ ಬಿಟ್ಟದ್ದು, ಉಪ್ಪು ಹಾಕಿದ ಚಹಾಕ್ಕೆ, ಕೆನೆಗೆ, ಗೆರ್ ಮೇಲೆ ಒಣಗಿಸುವ ಆರೂಲ್ ಗಟ್ಟಿಗಳಿಗೆ. ಒಣ ಸಗಣಿಯ ಉರುವಲು, ಅವರ ಮಾತಿನಲ್ಲಿ ಆರ್ಗಲ್, ಬೆನ್ನಬುಟ್ಟಿಯ ಲೆಕ್ಕದಲ್ಲಿ ಬರುತ್ತದೆ. ಬರಿಬುಟ್ಟಿ, ತುಂಬಿದ ಬುಟ್ಟಿ ಎರಡನ್ನೂ ತೂಗಿ, ಒಲೆಗೆ ದಿನಕ್ಕೆಷ್ಟು ಬುಟ್ಟಿ ಹೋಯಿತೆಂದು ಎಣಿಸಿ. ಚಳಿಗಾಲದಲ್ಲಿ ಮತ್ತೆ ತೂಗದಿದ್ದರೆ ಬೇಸಿಗೆಯ ಅಂಕಿ ದಾರಿ ತಪ್ಪಿಸುತ್ತದೆ.

ತಕ್ಕಡಿ ಸ್ಪ್ರಿಂಗಿನದ್ದೇ ಇರಲಿ, ಕೊಕ್ಕೆಯದು, 50 ಕಿಲೋದ್ದು. ಮೈನಸ್ 30 ಡಿಗ್ರಿಯಲ್ಲಿ ಬ್ಯಾಟರಿಯನ್ನು ನಂಬುವಂತಿಲ್ಲ, ಬಾಲ್‌ಪೆನ್ನಿನ ಇಂಕೂ ಹೆಪ್ಪುಗಟ್ಟುತ್ತದೆ. ಅವೆನ್ಯೂ ರಸ್ತೆಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ, ಪೆನ್ಸಿಲ್ ಸಾಕು.

ಕೊಡುಕೊಳ್ಳುವಿಕೆ ಬರೆಯಲು ನಮ್ಮ ಮದುವೆಮನೆಯ ಮುಯ್ಯಿ ಪುಸ್ತಕಕ್ಕಿಂತ ಒಳ್ಳೆಯ ಮಾದರಿ ಇಲ್ಲ: ಯಾರು, ಏನು, ಎಷ್ಟು, ಯಾವಾಗ. ಅದಕ್ಕೆ "ಯಾವ ಹೆಸರಲ್ಲಿ" ಎಂಬ ಒಂದು ಕಾಲಂ ಸೇರಿಸಿ: ಸಾಲವೋ, ಉಡುಗೊರೆಯೋ, ಮುಯ್ಯಾಳೋ. ಚಳಿ ಹಿಡಿಯುವ ಹೊತ್ತಿಗೆ ಕೊಯ್ದ ಮಾಂಸ ರಾಜಧಾನಿ ಉಲಾನ್‌ಬಾತರಿನ ನೆಂಟರಿಗೆ ಹೋಗುತ್ತದೆ. ಅಲ್ಲಿಂದ ಹಿಟ್ಟು, ಅಕ್ಕಿ, ಓದುವ ಹುಡುಗನಿಗೆ ತಂಗುವ ಜಾಗ ಬರುತ್ತದೆ. ಇವನ್ನು ಅಲ್ಲಿನ ನಾಣ್ಯವಾದ ತೊಗ್ರೊಗ್‌ಗೆ ಪರಿವರ್ತಿಸುವ ಅವಸರ ಬೇಡ. ಮಾಂಸವನ್ನು ಕಿಲೋದಲ್ಲಿ, ವಾಸವನ್ನು ತಿಂಗಳಲ್ಲಿ ಬರೆಯಿರಿ, ಬೆಲೆ ಕಟ್ಟುವುದು ಕೊನೆಗಿರಲಿ. ಅಂಗಡಿಯ ಉದ್ದರಿಗೆ ಬೇರೆ ಪುಟ ಬೇಕು. ಎಷ್ಟೋ ಮನೆಗಳು ಅದನ್ನು ತೀರಿಸುವುದು ಕ್ಯಾಶ್ಮಿಯರ್ ಮಾರಿದ ಮೇಲೆ, ಹಾಗಾಗಿ ವಸಂತದ ದುಡ್ಡಿನಲ್ಲಿ ಒಂದಷ್ಟು ಮೊದಲೇ ಖರ್ಚಾಗಿರುತ್ತದೆ.

ಹೋದ ಕೂಡಲೇ "ಎಷ್ಟು ಪ್ರಾಣಿ ಇವೆ?" ಎನ್ನಬೇಡಿ, ತೆರಿಗೆಯವರೆಂಬ ಅನುಮಾನ ಬರುತ್ತದೆ. ದನಕರು ಮೈತುಂಬಿಕೊಂಡಿವೆಯೇ ಎಂದು ಕೇಳುವುದು ಅಲ್ಲಿನ ಕುಶಲಪ್ರಶ್ನೆ. ಅಲ್ಲಿಂದ ಶುರುಮಾಡಿ. ಗಂಡಸರನ್ನು ಮಾತ್ರ ಕೇಳಿದರೆ ಕುದುರೆಯ ಲೆಕ್ಕ ಪಕ್ಕಾ ಬರುತ್ತದೆ, ಹಾಲಿನದು ಅಂದಾಜಾಗುತ್ತದೆ. ಮನೆಯೊಡತಿಯ ಜೊತೆ ಬೇರೆಯಾಗಿ ಕೂರಿ.

ಋತುವಿಗೊಂದರಂತೆ ನಾಲ್ಕು ಭೇಟಿ, ಪ್ರತಿ ಸಲ ಏಳು ದಿನ. ಅಷ್ಟಾದರೂ ಒಂದು ವರ್ಷದ ಅಂಕಿಯನ್ನು "ಸಾಮಾನ್ಯ ವರ್ಷ" ಎನ್ನಬೇಡಿ. 2009–10ರ ಜೂದ್, ಅಂದರೆ ಮೇವು ಸಿಗದಂತೆ ಬಡಿಯುವ ಕಡುಚಳಿಗಾಲ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಿತು. ಕಳೆದ ಜೂದ್‌ನಲ್ಲಿ ಎಷ್ಟು ಹೋದವು, ಆಮೇಲೆ ಮರಿ ಕೊಟ್ಟು ಕೈಹಿಡಿದವರು ಯಾರು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಈಗಿನ ಕೊಡುಗೆಗಳಲ್ಲಿ ಕೆಲವು ಆ ಋಣ ತೀರಿಸಲು ಹೋಗುತ್ತಿರಬಹುದು.