ಬೆಳಗಿನ ವಾಂತಿ, ಟೈಲ್ಸ್ ಗೆರೆ

ನಾನು ತಾಲ್ಲೂಕು ಊರಿನಲ್ಲಿ ಮಕ್ಕಳ ಡಾಕ್ಟರು. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಆರು ವರ್ಷದ ಮಗನನ್ನು ಕರೆತಂದರು. "ಎದ್ದ ಕೂಡಲೇ ವಾಂತಿ ಮಾಡ್ತಾನೆ ಸಾರ್. ಆಮೇಲೆ ಆರಾಮಾಗಿ ತಿಂಡಿ ತಿಂದು ಸ್ಕೂಲಿಗೆ ಹೋಗ್ತಾನೆ." ಹೊಟ್ಟೆ ಮುಟ್ಟಿ ನೋಡಿ ಸಿರಪ್ ಬರೆದುಕೊಟ್ಟೆ. ಎರಡು ಸಲ ಇದೇ ಆಯಿತು. ಮೂರನೇ ಸಲ ಅವನು ಬಾಗಿಲಿನಿಂದ ಕಾಲು ಅಗಲಿಸಿಕೊಂಡು, ಬೆಂಚು ಹಿಡಿದುಕೊಂಡು ಬಂದ. ಎಂಆರ್‌ಐ ಮಾಡಿಸಿದಾಗ, ನಡಿಗೆಯ ಸಮತೋಲ ಕಾಯುವ ಕಿರುಮೆದುಳಿನಲ್ಲಿ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಮೆಡುಲೊಬ್ಲಾಸ್ಟೊಮಾ ಅಂತ ಬಂತು.

ಮಕ್ಕಳ ಮೆದುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಇದೇ ಜಾಸ್ತಿ. ಮೆದುಳಿನ ನೀರು ಹರಿಯುವ ದಾರಿಗೆ ಇದು ಅಡ್ಡವಾಗುತ್ತದೆ. ರಾತ್ರಿ ಮಲಗಿದಾಗ ತಲೆಯೊಳಗಿನ ಒತ್ತಡ ಇನ್ನೂ ಏರುತ್ತದೆ. ಅದಕ್ಕೇ ಬೆಳಿಗ್ಗೆ ತಲೆನೋವು, ವಾಂತಿ. ವಾಂತಿಯಾದ ಮೇಲೆ ಹಗುರ ಅನ್ನಿಸುತ್ತದೆ. ನಾನು ಮೋಸ ಹೋದದ್ದು ಅಲ್ಲೇ.

ಈಗ ವಾರಗಟ್ಟಲೆ ಬೆಳಗಿನ ವಾಂತಿ ಇರುವ ಯಾವ ಮಗುವನ್ನೂ ನಡೆಸಿ ನೋಡದೆ ಕಳಿಸುವುದಿಲ್ಲ. ನೆಲದ ಟೈಲ್ಸ್ ಸಂದಿನ ಗೆರೆಯ ಮೇಲೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಹೆಜ್ಜೆ ಇಡಿಸುತ್ತೇನೆ. ನನ್ನ ಬೆರಳು, ಅವರ ಮೂಗು, ಹೀಗೆ ಮುಟ್ಟಿಸುತ್ತೇನೆ. ಕಣ್ಣಿನ ಒಳಗೆ ನೋಡುವ ಉಪಕರಣ ಆಫ್ತಾಲ್ಮೊಸ್ಕೋಪ್ ಹಿಡಿದು ಕಣ್ಣಿನ ಹಿಂಭಾಗ ನೋಡುತ್ತೇನೆ. ಎರಡು ನಿಮಿಷದ ಕೆಲಸ, ಅಷ್ಟೇ.

ಎಲ್ಲ ಗಡ್ಡೆಯೂ ಒಂದೇ ಅಲ್ಲ. ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ನಿಧಾನವಾಗಿ ಬೆಳೆಯುತ್ತದೆ. ಪೂರ್ತಿ ತೆಗೆದರೆ ಎಷ್ಟೋ ಮಕ್ಕಳಿಗೆ ಬೇರೆ ಚಿಕಿತ್ಸೆಯೇ ಬೇಡ. ಮೆಡುಲೊಬ್ಲಾಸ್ಟೊಮಾಗೆ ಆಪರೇಷನ್ ಜೊತೆ ಕೀಮೋ ಬೇಕು. ಮೂರು ವರ್ಷ ದಾಟಿದವರಿಗೆ ಸಾಮಾನ್ಯವಾಗಿ ರೇಡಿಯೇಷನ್ ಕೂಡ. ಎಪೆಂಡೈಮೋಮಾ ಮೆದುಳಿನ ನೀರಿನ ಕೋಣೆಗಳ ಒಳಪದರದಿಂದ ಹುಟ್ಟುತ್ತದೆ. ಹಾರ್ಮೋನು ಸುರಿಸುವ ಪಿಟ್ಯುಟರಿ ಗ್ರಂಥಿಯ ಪಕ್ಕದ ಕ್ರೇನಿಯೋಫ್ಯಾರಿಂಜಿಯೋಮಾ ಬಂದರೆ ಮಗು ಎತ್ತರ ಬೆಳೆಯದಿರಬಹುದು, ದೃಷ್ಟಿ ಮಂಕಾಗಬಹುದು. ಮೆದುಳುಕಾಂಡದಲ್ಲಿ ಹರಡಿಕೊಂಡು ಬೆಳೆಯುವ ಡಿಐಪಿಜಿ ಗಡ್ಡೆ ಬಂದಿದೆ ಅಂತ ಮನೆಯವರಿಗೆ ಹೇಳುವುದು ನನಗೆ ಅತಿ ಕಷ್ಟ. ಕಣ್ಣು ಮೆಳ್ಳೆಯಾಗುತ್ತದೆ, ಬಾಯಿ ಓರೆಯಾಗುತ್ತದೆ. ಅದನ್ನು ಕತ್ತರಿಸಿ ತೆಗೆಯಲಾಗುವುದಿಲ್ಲ. ರೇಡಿಯೇಷನ್ ಕೆಲವು ತಿಂಗಳ ನೆಮ್ಮದಿ ಕೊಡುತ್ತದೆ.

"ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಬಂತಾ ಸಾರ್?" ಅಂತ ಬಹಳ ತಾಯಂದಿರು ಕೇಳುತ್ತಾರೆ. ಇಲ್ಲಮ್ಮ, ನೀವು ಮಾಡಿದ್ದರಿಂದ ಬಂದದ್ದಲ್ಲ ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ಸಿಗುವುದಿಲ್ಲ.

ಅನುಮಾನ ಬಂದ ದಿನವೇ ಬೆಂಗಳೂರಿಗೆ ಕಳಿಸುತ್ತೇನೆ. ಪತ್ರದ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ವಾಂತಿ ಎಷ್ಟು ವಾರದಿಂದ, ಗೆರೆಯ ಮೇಲೆ ಎಷ್ಟು ಹೆಜ್ಜೆಗೆ ತಪ್ಪಿದ.